ಮನೆಯಿಂದ ಶೆಡ್ಡಿಗೆ ನೆಲದಡಿ ಕೇಬಲ್: ಮಣ್ಣು ಮುಚ್ಚೋ ಮುಂಚೆ ಏನೇನ್ ನೋಡ್ಕೋಬೇಕು

ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಶೆಡ್ಡೋ, ಗ್ಯಾರೇಜೋ, ದನದ ಕೊಟ್ಟಿಗೆಯೋ, ಪಂಪ್ ರೂಮೋ ಇರುತ್ತೆ, ಅಲ್ಲಿಗೆ ಕರೆಂಟ್ ಬೇಕು ಅಂದ ತಕ್ಷಣ ಎಲ್ಲರೂ ಕೇಳೋದು ಎರಡೇ ಪ್ರಶ್ನೆ, ಎಷ್ಟು ಆಳ ಅಗೀಬೇಕು, ಎಷ್ಟು ಎಂಎಂ ಕೇಬಲ್ ತರಬೇಕು. ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ, ಉತ್ತರ ಕೆಳಗೆ ಬರೀತೀನಿ. ಆದ್ರೆ ಮೂರನೇ ಪ್ರಶ್ನೆ ಒಂದಿದೆ, ಅದನ್ನ ಕೇಳೋರು ತುಂಬಾ ಕಮ್ಮಿ. ಶೆಡ್ಡಲ್ಲಿರೋ ಮಷಿನ್ನಿನ ಲೋಹದ ಬಾಡಿ ಮೇಲೆ ಫೇಸ್ (ಕರೆಂಟ್ ಬರೋ ತಂತಿ) ತಾಗಿಬಿಟ್ರೆ ಆ ಕರೆಂಟ್ ಯಾವ ದಾರೀಲಿ ವಾಪಸ್ ಹೋಗುತ್ತೆ, ಯಾವ ಬ್ರೇಕರ್ ಬಿದ್ದು ಎಷ್ಟು ಬೇಗ ಲೈನ್ ಕಟ್ ಆಗುತ್ತೆ? ಇದಕ್ಕೆ ಸರಿಯಾದ ಉತ್ತರ ಇಲ್ದೇ ಹೂತ ಕೇಬಲ್ ಬಲ್ಬ್ ಉರಿಸುತ್ತೆ, ಮೋಟಾರ್ ತಿರುಗಿಸುತ್ತೆ, ವರ್ಷಗಟ್ಟಲೆ ಏನೂ ತೊಂದ್ರೆ ಇಲ್ಲ ಅನ್ನೋ ಹಾಗೇ ಇರುತ್ತೆ, ಒಂದಿನ ಒದ್ದೆ ಕೈಯಲ್ಲಿ ಯಾರಾದ್ರೂ ಮಷಿನ್ ಮುಟ್ಟೋವರೆಗೆ. ಅದಕ್ಕೇ ಈ ಲೇಖನದಲ್ಲಿ ಅಗೆಯೋದಕ್ಕಿಂತ ಅರ್ಥಿಂಗ್ ಬಗ್ಗೇನೇ ಜಾಸ್ತಿ ಬರೆದಿದೀನಿ.

ಮೊದಲೇ ಒಂದು ಮಾತು. ಟ್ರೆಂಚ್ ಅಗೆಯೋದು, ಮರಳು ಹಾಕೋದು, ಪೈಪ್ ಇಡೋದು, ಕೇಬಲ್ ಬಿಚ್ಚಿ ಮಲಗಿಸೋದು ಇದೆಲ್ಲ ನೀವೇ ಮಾಡ್ಬಹುದು. ಮನೆ ಡಿಬಿ (ಬ್ರೇಕರ್‌ಗಳಿರೋ ಡಿಸ್ಟ್ರಿಬ್ಯೂಷನ್ ಬಾಕ್ಸ್) ಒಳಗಿನ ಕನೆಕ್ಷನ್, ಅರ್ಥಿಂಗ್ ಯಾವ ಥರ ಇರ್ಬೇಕು ಅನ್ನೋ ತೀರ್ಮಾನ, ಕೊನೆಯ ಟೆಸ್ಟಿಂಗ್ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಎಷ್ಟೋ ಕಡೆ ಕಾನೂನೇ ಹಾಗಿದೆ, ಮುಂಚೆನೇ ಪರ್ಮಿಷನ್ ತಗೋಬೇಕು, ಮಣ್ಣು ಮುಚ್ಚೋ ಮುಂಚೆ ಇನ್‌ಸ್ಪೆಕ್ಷನ್ ಆಗ್ಬೇಕು ಅಂತಾನೂ ಇರುತ್ತೆ, ನಿಮ್ಮ ಕಡೆ ಏನು ನಿಯಮ ಅಂತ ಕೆಲಸ ಶುರು ಮಾಡೋ ಮುಂಚೆನೇ ಕೇಳ್ಕೊಳ್ಳಿ. ಅದೇ ಎಲೆಕ್ಟ್ರಿಷಿಯನ್ನನ್ನ ಅಗೆಯೋ ಮುಂಚೆ ಒಂದ್ಸಲ ಕರೆಸಿ ಪ್ಲಾನ್ ತೋರಿಸಿಬಿಡಿ, ಎಲ್ಲಾ ಮುಚ್ಚಿದ ಮೇಲೆ ಕರೆದ್ರೆ ಅವರಿಗೆ ಕಾಣೋದು ಎರಡು ತುದಿ ಮಾತ್ರ.

ಲೋಡ್ ಲೆಕ್ಕ

ಶೆಡ್ಡಲ್ಲಿ ಏನೇನು ಓಡುತ್ತೆ ಅಂತ ಒಂದು ಪೇಪರಲ್ಲಿ ಬರ್ಕೊಳ್ಳಿ. ಎರಡು ಲೈಟು, ಒಂದು ಫ್ಯಾನು, ಮೊಬೈಲ್ ಚಾರ್ಜರ್ ಅಷ್ಟೇ ಆದ್ರೆ 2-3 ಆಂಪ್ ಕೂಡ ಆಗಲ್ಲ. ಆದ್ರೆ ಕರೆಂಟ್ ಬಂದ ಮೇಲೆ ಯಾವ ಶೆಡ್ಡೂ ಬರೀ ಲೈಟಿಗೆ ನಿಲ್ಲಲ್ಲ, ಗ್ರೈಂಡರ್ ಬರುತ್ತೆ, ವೆಲ್ಡಿಂಗ್ ಸೆಟ್ ಬರುತ್ತೆ, ನೀರು ಕಾಯಿಸೋ ಹೀಟರ್ ಬರುತ್ತೆ, ಈಗಂತೂ ಗಾಡಿ ಚಾರ್ಜಿಂಗ್ ಕೂಡ ಬರುತ್ತೆ. 230 ವೋಲ್ಟಿನಲ್ಲಿ 2000 ವ್ಯಾಟ್ ಹೀಟರ್ ಒಂದೇ ಸುಮಾರು 8.7 ಆಂಪ್ ಎಳೆಯುತ್ತೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡ್ತಾ ಇರೋವಾಗ 6ರಿಂದ 8 ಆಂಪ್, ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಐದಾರು ಪಟ್ಟು. ಎಲ್ಲಾನೂ ಒಟ್ಟಿಗೆ ಓಡಲ್ಲ ನಿಜ, ಹಾಗಾಗಿ ಒಟ್ಟಿಗೆ ಓಡಬಹುದಾದ್ದನ್ನ ಮಾತ್ರ ಕೂಡಿಸಿ, ಅದಕ್ಕೆ ಮುಂದಿನ ಹತ್ತು ವರ್ಷದ ಅಂದಾಜು ಸೇರಿಸಿ. ಕೇಬಲನ್ನ ಒಂದು ಸೈಜ್ ದಪ್ಪ ತಗೊಂಡ್ರೆ ಆಗೋ ಖರ್ಚು, ಮತ್ತೆ ಅಗೆದು ಹೊಸ ಕೇಬಲ್ ಹಾಕೋ ಖರ್ಚಿನ ಮುಂದೆ ಏನೇನೂ ಅಲ್ಲ.

ಇನ್ನೊಂದು ವಿಷಯ, ಮನೆ ಮೀಟರ್ ಮತ್ತು ಮೇನ್ ಈ ಹೆಚ್ಚುವರಿ ಲೋಡ್ ತಡ್ಕೊಳ್ಳುತ್ತಾ ನೋಡಿ. ಶೆಡ್ಡಿಗೆ 32 ಆಂಪ್ ಲೈನ್ ಎಳೆದು ಮನೆ ಮೇನೇ 32 ಆಂಪ್ ಇದ್ರೆ ಏನೂ ಉಪಯೋಗ ಇಲ್ಲ.

ಕೇಬಲ್ ಸೈಜು, ವೋಲ್ಟೇಜ್ ಡ್ರಾಪು

ಮನೆ ಒಳಗಿನ ವೈರಿಂಗಲ್ಲಿ ದೂರ ಕಮ್ಮಿ, ಅದಕ್ಕೆ ಅಲ್ಲಿ ವೈರ್ ಬಿಸಿ ಆಗದೆ ಎಷ್ಟು ಆಂಪ್ ತಡೆಯುತ್ತೆ ಅಂತ ನೋಡಿದ್ರೆ ಸಾಕಾಗುತ್ತೆ. ಹೊರಗಿನ ಕಟ್ಟಡಕ್ಕೆ ಎಳೆಯೋವಾಗ ದೂರನೇ ಮುಖ್ಯ ಆಗುತ್ತೆ, ಯಾಕಂದ್ರೆ ಉದ್ದ ಹೆಚ್ಚಾದಷ್ಟೂ ತಂತಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತೆ. ಸಿಂಗಲ್ ಫೇಸ್ ಲೆಕ್ಕ ಸುಲಭ: ಒಂದು ಕಡೆಯ ಉದ್ದವನ್ನ ಮೀಟರಲ್ಲಿ ತಗೊಂಡು ಎರಡರಿಂದ ಗುಣಿಸಿ (ಹೋಗೋಕೊಂದು ತಂತಿ ಬರೋಕೊಂದು ತಂತಿ), ಅದನ್ನ ಆಂಪ್‌ನಿಂದ ಗುಣಿಸಿ, ಆಮೇಲೆ ತಾಮ್ರ ಆದ್ರೆ 0.021ರಿಂದ, ಅಲ್ಯೂಮಿನಿಯಂ ಆದ್ರೆ 0.034ರಿಂದ ಗುಣಿಸಿ, ಕೊನೆಗೆ ಸ್ಕ್ವೇರ್ ಎಂಎಂ ಇಂದ ಭಾಗಿಸಿ. ಬರೋದೇ ಕಳೆದುಹೋಗೋ ವೋಲ್ಟ್. ಇವು ಲೋಡ್ ಮೇಲೆ ಬಿಸಿಯಾಗಿರೋ ತಂತಿಯ ಅಂಕಿ, ತಣ್ಣಗಿರೋ ತಾಮ್ರಕ್ಕೆ 0.0172 ಅಂತ ಪುಸ್ತಕಗಳಲ್ಲಿ ಇರುತ್ತೆ, ಆದ್ರೆ ಲೆಕ್ಕಕ್ಕೆ ಬಿಸಿ ಅಂಕಿ ಹಿಡಿಯೋದೇ ಸೇಫು.

ಉದಾಹರಣೆಗೆ ಮನೆ ಡಿಬಿಯಿಂದ ಶೆಡ್ ಡಿಬಿಗೆ 40 ಮೀಟರ್, ಲೋಡ್ 20 ಆಂಪ್ ಅಂತ ಇಟ್ಕೊಳ್ಳಿ. 4 ಸ್ಕ್ವೇರ್ ಎಂಎಂ ತಾಮ್ರಕ್ಕೆ 8.4 ವೋಲ್ಟ್ ಹೋಗುತ್ತೆ, ಅಂದ್ರೆ 230ರಲ್ಲಿ 3.6 ಪರ್ಸೆಂಟಿನ ಮೇಲೇ ಆಯ್ತು. 6 ಸ್ಕ್ವೇರ್ ಎಂಎಂಗೆ 5.6 ವೋಲ್ಟ್, ಸುಮಾರು 2.4 ಪರ್ಸೆಂಟ್. 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಹಾಕಿದ್ರೂ ಹತ್ತಿರ ಹತ್ತಿರ ಅದೇ 5.4 ವೋಲ್ಟ್ ಬರುತ್ತೆ. ಲೈಟಿಂಗಿಗೆ 3 ಪರ್ಸೆಂಟ್, ಉಳಿದದ್ದಕ್ಕೆ 5 ಪರ್ಸೆಂಟ್ ಒಳಗೆ ಇರ್ಲಿ ಅನ್ನೋದು ಸಾಮಾನ್ಯ ಮಿತಿ, ಮತ್ತೆ ಈ ಮಿತಿ ಮೀಟರಿಂದ ಕೊನೆಯ ಪಾಯಿಂಟ್‌ವರೆಗಿನ ಒಟ್ಟು ಲೆಕ್ಕ, ಶೆಡ್ ಒಳಗಿನ ವೈರಿಂಗಿಗೂ ಸ್ವಲ್ಪ ಉಳಿಸ್ಬೇಕು. ಹಾಗಾಗಿ ಈ ಉದಾಹರಣೇಲಿ ನಾನಾದ್ರೆ 6 ಸ್ಕ್ವೇರ್ ಎಂಎಂ ತಾಮ್ರಕ್ಕಿಂತ ಕೆಳಗೆ ಇಳಿಯಲ್ಲ, ಮೋಟಾರ್ ಇದ್ರೆ 10ಕ್ಕೆ ಹೋಗ್ತೀನಿ. ಮೋಟಾರ್ ಸ್ಟಾರ್ಟ್ ಆಗೋವಾಗ ಐದಾರು ಪಟ್ಟು ಕರೆಂಟ್ ಎಳೆದ್ರೆ ಡ್ರಾಪ್ ಕೂಡ ಐದಾರು ಪಟ್ಟು ಆಗುತ್ತಲ್ಲ, ಆಗ ಲೈಟು ಮಂಕಾಗೋದು, ಮೋಟಾರ್ ಎದ್ದೇಳಕ್ಕಾಗದೆ ಗುಂಯ್ ಅನ್ನೋದು, ಕೊನೆಗೆ ವೈಂಡಿಂಗ್ ಸುಟ್ಟೋಗೋದು ಎಲ್ಲಾ ಇದರಿಂದಾನೇ.

ದಪ್ಪ ಕೇಬಲ್ ಬೇಕು ಅನ್ನೋಕೆ ಇನ್ನೊಂದು ಕಾರಣ ಇದೆ, ಅದು ಇನ್ನೂ ಮುಖ್ಯ. ಸಿ ಟೈಪ್ 20 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಬ್ರೇಕರ್) ಶಾರ್ಟ್ ಆದ ತಕ್ಷಣ ಬೀಳೋದು ಗ್ಯಾರಂಟಿ ಆಗ್ಬೇಕಾದ್ರೆ ಅದರ ಮೂಲಕ ಹತ್ತು ಪಟ್ಟು ಅಂದ್ರೆ 200 ಆಂಪ್ ಹರೀಬೇಕು. 230ನ್ನ 200ರಿಂದ ಭಾಗಿಸಿ, 1.15 ಓಮ್. ಟ್ರಾನ್ಸ್‌ಫಾರ್ಮರಿಂದ ಹಿಡಿದು ನಿಮ್ಮ ಶೆಡ್ ಕೊನೆಯವರೆಗೆ ಹೋಗಿ ಬರೋ ದಾರಿಯ ಒಟ್ಟು ತಡೆ ಇದಕ್ಕಿಂತ ಕಮ್ಮಿ ಇರ್ಲೇಬೇಕು. 100 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಂಎಂ ತಾಮ್ರ ಹಾಕಿದ್ರೆ ಕೇಬಲ್ ಒಂದೇ 1.05 ಓಮ್ ತಿಂದುಬಿಡುತ್ತೆ, ಹೊರಗಿನ ಲೈನಿನ ತಡೆ ಸೇರಿದ್ರೆ ಮಿತಿ ದಾಟೋದು ತುಂಬಾ ಸುಲಭ. ಅಲ್ಲಿ ಶಾರ್ಟ್ ಆದ್ರೂ ಎಂಸಿಬಿ ತಕ್ಷಣ ಬೀಳದೆ ಕೇಬಲ್ ಬಿಸಿಯಾಗ್ತಾ ಕೂರುತ್ತೆ.

ಯಾವ ಕೇಬಲ್?

ನನ್ನ ಅಭಿಪ್ರಾಯದಲ್ಲಿ ನೆಲದಡಿಗೆ ಆರ್ಮರ್ಡ್ ಕೇಬಲ್ಲೇ ಮೊದಲ ಆಯ್ಕೆ. ಒಳಗೆ ಕೋರುಗಳು (ಇನ್ಸುಲೇಷನ್ ಇರೋ ತಂತಿಗಳು), ಮೇಲೆ ಪಿವಿಸಿ ಹೊದಿಕೆ, ಅದರ ಮೇಲೆ ಸುತ್ತಲೂ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಅಥವಾ ಪಟ್ಟಿಯ ಕವಚ, ಅದರ ಮೇಲೆ ಮತ್ತೊಂದು ಪಿವಿಸಿ ಹೊದಿಕೆ. ಇಲಿ ಕಡಿದ್ರೆ, ಕಲ್ಲು ಒತ್ತಿದ್ರೆ ತಡೆಯುತ್ತೆ, ಮುಂದೆ ಯಾರಾದ್ರೂ ಹಾರೆ ಹಾಕಿದ್ರೂ ಕವಚಕ್ಕೆ ಅರ್ಥ್ ಕೊಟ್ಟಿರೋದ್ರಿಂದ ಬ್ರೇಕರ್ ಬಿದ್ದು ಆ ಮನುಷ್ಯ ಉಳಿಯೋ ಸಾಧ್ಯತೆ ಜಾಸ್ತಿ. ಭಾರತದಲ್ಲಿ ಪಿವಿಸಿ ಇನ್ಸುಲೇಷನ್‌ದಾದ್ರೆ ಐಎಸ್ 1554, ಎಕ್ಸ್‌ಎಲ್‌ಪಿಇ ಆದ್ರೆ ಐಎಸ್ 7098 ಅಂತ ಕೇಬಲ್ ಮೈಮೇಲೇ ಪ್ರಿಂಟ್ ಇರುತ್ತೆ, 1100 ವೋಲ್ಟ್ ಗ್ರೇಡ್ ಅಂತಾನೂ ಇರುತ್ತೆ, ನೋಡಿ ತಗೊಳ್ಳಿ. ಪಿವಿಸಿ 70 ಡಿಗ್ರಿವರೆಗೆ ತಡೆದ್ರೆ ಎಕ್ಸ್‌ಎಲ್‌ಪಿಇ 90 ಡಿಗ್ರಿವರೆಗೆ ತಡೆಯುತ್ತೆ, ನೀರಿನಂಶಕ್ಕೂ ಅದೇ ವಾಸಿ.

ಸಿಂಗಲ್ ಫೇಸಿಗೆ ಮೂರು ಕೋರಿನದ್ದೇ ತಗೊಳ್ಳಿ, ಫೇಸ್, ನ್ಯೂಟ್ರಲ್, ಅರ್ಥ್. ಎರಡು ಕೋರ್ ತಗೊಂಡು ಕವಚವನ್ನೇ ಅರ್ಥ್ ಆಗಿ ಬಳಸ್ತೀವಿ ಅಂತ ಕೆಲವರು ಹೇಳ್ತಾರೆ, ಲೆಕ್ಕ ಮಾಡಿ ಹಾಕಿದ್ರೆ ತಪ್ಪಲ್ಲ, ಆದ್ರೆ ಕಬ್ಬಿಣ ತಾಮ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಡೆ ಒಡ್ಡುತ್ತೆ, ಗ್ಲ್ಯಾಂಡ್ (ಕೇಬಲನ್ನ ಬಾಕ್ಸಿಗೆ ಬಿಗಿಯಾಗಿ ಸೇರಿಸೋ ಲೋಹದ ಭಾಗ) ಹತ್ರ ತುಕ್ಕು ಹಿಡಿದ್ರೆ ಅರ್ಥೇ ಇಲ್ಲದ ಹಾಗಾಗುತ್ತೆ, ಅದಕ್ಕೆ ಒಂದು ತಾಮ್ರದ ಕೋರ್ ಅರ್ಥಿಗೇ ಅಂತ ಇರ್ಲಿ, ಕವಚಕ್ಕೂ ಅರ್ಥ್ ಇರ್ಲಿ. 16 ಸ್ಕ್ವೇರ್ ಎಂಎಂವರೆಗೆ ಅರ್ಥ್ ತಂತಿ ಫೇಸ್ ತಂತಿಯಷ್ಟೇ ದಪ್ಪ ಇರೋದು ಸರಿಯಾದ ಕ್ರಮ.

ಪೈಪಲ್ಲಿ ಎಳೆಯೋದು ಎರಡನೇ ದಾರಿ. ಮುಂದೆ ಕೇಬಲ್ ಬದಲಾಯಿಸ್ಬಹುದು ಅನ್ನೋದೇ ಅದರ ದೊಡ್ಡ ಲಾಭ. ಆದ್ರೆ ಪೈಪ್ ಇದೆಯಲ್ಲ ನೀರು ಬರಲ್ಲ ಅಂತ ಅಂದ್ಕೋಬೇಡಿ. ಎಷ್ಟೇ ಗಟ್ಟಿಯಾಗಿ ಸಲ್ಯೂಷನ್ ಹಚ್ಚಿ ಜೋಡಿಸಿದ್ರೂ ಒಳಗಿನ ಗಾಳಿಯ ತೇವ ತಣ್ಣಗಾಗಿ ನೀರು ನಿಂತೇ ನಿಲ್ಲುತ್ತೆ, ಅಮೆರಿಕದ ವೈರಿಂಗ್ ಕೋಡ್ ಅಂತೂ ನೆಲದಡಿ ಪೈಪಿನ ಒಳಭಾಗ ಒದ್ದೆ ಜಾಗ ಅಂತಾನೇ ಲೆಕ್ಕ ಹಿಡಿಯುತ್ತೆ. ಮನೆ ಗೋಡೆ ಒಳಗೆ ಹಾಕೋ ಸಾದಾ ಒಂಟಿ ವೈರನ್ನ ಪೈಪಲ್ಲಿ ತುರುಕಿ ನೆಲಕ್ಕೆ ಹಾಕೋದು ಇದಕ್ಕೇ ಬೇಡ ಅನ್ನೋದು, ಪೈಪಲ್ಲಿ ಹಾಕೋದಾದ್ರೂ ನೀರಲ್ಲಿ ಇರೋಕೆ ಯೋಗ್ಯ ಅಂತ ಗುರುತಿರೋ ಕೇಬಲ್ಲೇ ಹಾಕಿ.

ಅರ್ಥಿಂಗ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ತುಂಬಾ ಕಡೆ ಕಾಣೋ ಪದ್ಧತಿ ಏನಂದ್ರೆ ಮನೆಯಿಂದ ಫೇಸ್ ನ್ಯೂಟ್ರಲ್ ಎರಡೇ ತಂತಿ ಎಳೆದು, ಶೆಡ್ ಪಕ್ಕ ಒಂದು ಅರ್ಥ್ ರಾಡ್ ಹೊಡೆದು, ಅದನ್ನೇ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಕೊಡೋದು. ನೋಡೋಕೆ ಅರ್ಥಿಂಗ್ ಇದೆ. ಲೆಕ್ಕ ಹಾಕಿ ನೋಡಿ. ರಾಡಿಗೂ ಭೂಮಿಗೂ ಮಧ್ಯೆ ಇರೋ ತಡೆ 20 ಓಮ್ ಅಂತ ಹಿಡೀರಿ, ಒಳ್ಳೆ ಮಣ್ಣಲ್ಲಿ ಸಿಗೋ ಅಂಕಿ ಅದು, ಒಣ ಮಣ್ಣು ಕಲ್ಲುನೆಲ ಆದ್ರೆ 100 ಓಮ್ ದಾಟೋದೂ ಉಂಟು. ಮಷಿನ್ ಬಾಡಿಗೆ ಫೇಸ್ ತಾಗಿದ್ರೆ ಹರಿಯೋ ಕರೆಂಟ್ 230 ಭಾಗಿಸು 20, ಅಂದ್ರೆ 11.5 ಆಂಪ್. ನಿಮ್ಮ ಎಂಸಿಬಿ 16 ಆಂಪ್ ಅಥವಾ 20 ಆಂಪ್. ಅದು ಬೀಳೋದೇ ಇಲ್ಲ, ಯಾವತ್ತೂ ಇಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ಇದು ಮಾಮೂಲಿ ಲೋಡ್. ಮಷಿನ್ ಬಾಡಿ ಮಾತ್ರ ಹೆಚ್ಚುಕಮ್ಮಿ ಪೂರ್ತಿ 230 ವೋಲ್ಟಲ್ಲಿ ನಿಂತಿರುತ್ತೆ. ಮಣ್ಣು ಎಷ್ಟೇ ದೊಡ್ಡದಿದ್ರೂ ಅದು ತಂತಿ ಅಲ್ಲ, ಎಂಸಿಬಿ ಬೀಳಿಸುವಷ್ಟು ಕರೆಂಟನ್ನ ಅದು ವಾಪಸ್ ಕಳಿಸಲ್ಲ.

ಇದಕ್ಕೆ ಎರಡು ಸರಿಯಾದ ವ್ಯವಸ್ಥೆ ಇದೆ. ಒಂದು, ಮನೆಯ ಅರ್ಥ್ ಬಾರಿಂದಾನೇ (ಡಿಬಿಯಲ್ಲಿ ಎಲ್ಲಾ ಅರ್ಥ್ ತಂತಿ ಸೇರೋ ಲೋಹದ ಪಟ್ಟಿ) ಕೇಬಲ್ ಜೊತೆ ಅರ್ಥ್ ತಂತಿ ಶೆಡ್ಡಿಗೆ ಹೋಗೋದು, ಶೆಡ್ ಹತ್ರಾನೂ ಒಂದು ರಾಡ್ ಹೊಡೆದು ಅದನ್ನ ಅಲ್ಲಿನ ಅರ್ಥ್ ಬಾರಿಗೇ ಸೇರಿಸೋದು. ಆಗ ಫಾಲ್ಟ್ ಕರೆಂಟಿಗೆ ತಾಮ್ರದ ದಾರಿ ಸಿಗುತ್ತೆ, ಮನೆ ಅರ್ಥ್ ಸಪ್ಲೈ ನ್ಯೂಟ್ರಲ್ಲಿಗೆ ಸೇರಿರೋ ಕಡೆ ನೂರಾರು ಆಂಪ್ ಹರಿದು ಎಂಸಿಬಿ ಕಣ್ಣು ಮಿಟುಕಿಸೋದ್ರೊಳಗೆ ಬೀಳುತ್ತೆ. ಎರಡನೇದು, ಶೆಡ್ಡಿಗೆ ಪೂರ್ತಿ ಬೇರೆಯೇ ಅರ್ಥ್. ಸಪ್ಲೈ ಕಂಪನಿಯ ನ್ಯೂಟ್ರಲ್ಲೇ ಅರ್ಥ್ ಕೆಲಸಾನೂ ಮಾಡೋ ವ್ಯವಸ್ಥೆ ಇರೋ ಕಡೆ ಹೊರಗಿನ ನ್ಯೂಟ್ರಲ್ ಕಟ್ ಆದ್ರೆ ಮನೆ ಅರ್ಥಿಗೇ ವೋಲ್ಟೇಜ್ ಬರೋ ಅಪಾಯ ಇದೆ, ಅದನ್ನ ಹೊರಗಿನ ಶೆಡ್ಡಿಗೂ ಕೊಂಡೊಯ್ಯೋದು ಬೇಡ ಅಂತ ಕೆಲವು ಎಲೆಕ್ಟ್ರಿಷಿಯನ್‌ಗಳು ಈ ದಾರಿ ಹಿಡೀತಾರೆ, ಕಬ್ಬಿಣದ ಶೆಡ್ಡು, ಒದ್ದೆ ನೆಲ ಇರೋ ಕಡೆ ಮುಖ್ಯವಾಗಿ. ಹಾಗೆ ಮಾಡಿದ್ರೆ ಕೇಬಲ್ ಕವಚಕ್ಕೆ ಮನೆ ಕಡೆ ಮಾತ್ರ ಅರ್ಥ್ ಕೊಟ್ಟು ಶೆಡ್ ಕಡೆ ಅದನ್ನ ಇನ್ಸುಲೇಟ್ ಮಾಡಿ ನಿಲ್ಲಿಸ್ಬೇಕು, ಎರಡು ಬೇರೆ ಬೇರೆ ಅರ್ಥನ್ನ ಒಬ್ಬ ಮನುಷ್ಯ ಒಟ್ಟಿಗೆ ಮುಟ್ಟೋ ಹಾಗಿರಬಾರ್ದು. ಯಾವುದು ನಿಮಗೆ ಅನ್ನೋದನ್ನ ಮನೆಯ ಸಪ್ಲೈ ಯಾವ ಥರದ್ದು ಅಂತ ನೋಡಿ ಎಲೆಕ್ಟ್ರಿಷಿಯನ್ ತೀರ್ಮಾನ ಮಾಡ್ಬೇಕು.

ಯಾವ ವ್ಯವಸ್ಥೆ ಆದ್ರೂ ಶೆಡ್ ಡಿಬಿಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ ಇರ್ಲೇಬೇಕು. ಹೋಗೋ ಕರೆಂಟ್ ಬರೋ ಕರೆಂಟ್ ಎರಡನ್ನೂ ಅದು ಹೋಲಿಸ್ತಾ ಇರುತ್ತೆ, 0.03 ಆಂಪ್ ವ್ಯತ್ಯಾಸ ಬಂದ್ರೂ 0.3 ಸೆಕೆಂಡ್ ಒಳಗೆ ಕಟ್ ಮಾಡುತ್ತೆ. ಮೇಲಿನ 20 ಓಮ್ ರಾಡಿನ ಉದಾಹರಣೇಲಿ 11.5 ಆಂಪ್ ಅಂದ್ರೆ ಅದಕ್ಕೆ ಬೇಕಾದ್ದಕ್ಕಿಂತ ನೂರಾರು ಪಟ್ಟು ಜಾಸ್ತಿ, 100 ಓಮ್ ಇದ್ರೂ 2.3 ಆಂಪ್, ಆಗ್ಲೂ ಬೀಳುತ್ತೆ. ಬೇರೆ ಅರ್ಥ್ ಹಾಕೋ ಎರಡನೇ ವ್ಯವಸ್ಥೇಲಿ ಪ್ರಾಣ ಉಳಿಸೋದು ಇದೊಂದೇ, ಅದಿಲ್ದೇ ರಾಡ್ ಹೊಡೆದು ಪ್ರಯೋಜನ ಇಲ್ಲ.

ಮನೆ ಕಡೆಯೂ 30 ಮಿಲಿಆಂಪ್, ಶೆಡ್ ಕಡೆಯೂ 30 ಮಿಲಿಆಂಪ್ ಹಾಕಿದ್ರೆ ಯಾವುದು ಮೊದಲು ಬೀಳುತ್ತೆ ಅಂತ ಹೇಳಕ್ಕಾಗಲ್ಲ, ಶೆಡ್ಡಲ್ಲಿ ಲೀಕ್ ಆದ್ರೆ ಮನೆ ಫ್ರಿಜ್ ಆಫ್ ಆಗಿರುತ್ತೆ. ಮನೆ ಕಡೆ ಬೇಕೇ ಬೇಕು ಅಂದ್ರೆ 100 ಮಿಲಿಆಂಪ್‌ನ ಎಸ್ ಟೈಪ್, ಅಂದ್ರೆ ಸ್ವಲ್ಪ ತಡವಾಗಿ ಬೀಳೋದು ಹಾಕಿಸಿ.

ಇನ್ನು ಒಂದು ತಪ್ಪನ್ನ ಯಾವ ಕಾರಣಕ್ಕೂ ಮಾಡ್ಬೇಡಿ: ಶೆಡ್ ಡಿಬಿಯಲ್ಲಿ ನ್ಯೂಟ್ರಲ್ಲನ್ನೂ ಅರ್ಥನ್ನೂ ಸೇರಿಸೋದು. ಆರ್‌ಸಿಸಿಬಿ ನಿಲ್ತಿಲ್ಲ ಅಂತ, ಅರ್ಥ್ ವೀಕ್ ಇದೆ ಅಂತ ಲೂಪ್ ಹಾಕಿಬಿಡ್ತಾರೆ. ಮಾಮೂಲಿ ಓಡೋವಾಗ್ಲೇ ನ್ಯೂಟ್ರಲ್ ಕರೆಂಟ್ ಅರ್ಧಂಬರ್ಧ ಅರ್ಥ್ ತಂತೀಲಿ ಹರಿಯೋಕೆ ಶುರುವಾಗುತ್ತೆ, ಮತ್ತೆ ಕೇಬಲ್ಲಿನ ನ್ಯೂಟ್ರಲ್ ಎಲ್ಲಾದ್ರೂ ಬಿಟ್ಕೊಂಡ್ರೆ ಶೆಡ್ಡಲ್ಲಿರೋ ಪ್ರತಿಯೊಂದು ಲೋಹದ ಬಾಡಿಗೂ ವೋಲ್ಟೇಜ್ ಬರ್ಬಹುದು. ದನದ ಕೊಟ್ಟಿಗೆ ಆದ್ರೆ ಇನ್ನೂ ಎಚ್ಚರ ಬೇಕು, ದನಗಳಿಗೆ ಮನುಷ್ಯರಿಗಿಂತ ಕಮ್ಮಿ ವೋಲ್ಟೇಜಲ್ಲೇ ಶಾಕ್ ತಟ್ಟುತ್ತೆ, ನಾಲ್ಕೂ ಕಾಲು ಒದ್ದೆ ನೆಲದ ಮೇಲೆ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಂತರ ಜಾಸ್ತಿ, ಮೂತಿ ಕಬ್ಬಿಣದ ನೀರಿನ ತೊಟ್ಟಿಗೆ ತಾಗಿರುತ್ತೆ. ಶೆಡ್ಡಿನ ಕಬ್ಬಿಣದ ಕಂಬ, ಲೋಹದ ನೀರಿನ ಪೈಪು, ತೊಟ್ಟಿ ಎಲ್ಲವನ್ನೂ ಅಲ್ಲಿನ ಅರ್ಥ್ ಬಾರಿಗೆ ಸೇರಿಸಿಬಿಟ್ರೆ ಒಂದಕ್ಕೂ ಇನ್ನೊಂದಕ್ಕೂ ವೋಲ್ಟೇಜ್ ವ್ಯತ್ಯಾಸ ಬರಲ್ಲ.

ದಾರಿ ಗುರುತು ಮಾಡಿ ಅಗೆಯೋದು

ಸುಣ್ಣದ ಪುಡಿಯಲ್ಲಿ ಗೆರೆ ಎಳೀರಿ. ಆದಷ್ಟು ನೇರವಾಗಿ, ಮರದ ಬುಡದಿಂದ ದೂರ, ಮುಂದೆ ಕಟ್ಟಡ ಕಟ್ಟೋ ಯೋಚನೆ ಇರೋ ಜಾಗ ಬಿಟ್ಟು. ಸೆಪ್ಟಿಕ್ ಟ್ಯಾಂಕ್, ನೀರಿನ ಪೈಪು, ಗ್ಯಾಸ್ ಲೈನು, ಹಳೇ ಕೇಬಲ್ ಎಲ್ಲೆಲ್ಲಿದೆ ಅಂತ ಮೊದಲೇ ತಿಳ್ಕೊಳ್ಳಿ, ಗೊತ್ತಿಲ್ದೇ ಹಾರೆ ಹಾಕ್ಬೇಡಿ, ಹಳೇ ಲೈನ್ ಇರ್ಬಹುದು ಅನ್ನೋ ಅನುಮಾನ ಇದ್ರೆ ಆ ಜಾಗದಲ್ಲಿ ಜೆಸಿಬಿ ಬೇಡ, ಕೈಯಲ್ಲೇ ಅಗೀರಿ.

ಆಳದ ವಿಷಯಕ್ಕೆ ಬಂದ್ರೆ ದೇಶಕ್ಕೊಂದು ನಿಯಮ ಇದೆ. ಭಾರತದ ಐಎಸ್ 1255 ಪ್ರಕಾರ ಲೋ ವೋಲ್ಟೇಜ್ ಕೇಬಲ್ 75 ಸೆಂಟಿಮೀಟರ್ ಕೆಳಗಿರ್ಬೇಕು, ರಸ್ತೆ ದಾಟೋ ಕಡೆ 1 ಮೀಟರ್. ಅಮೆರಿಕದಲ್ಲಿ ನೇರವಾಗಿ ಹೂಳೋ ಕೇಬಲ್ಲಿಗೆ ಸಾಮಾನ್ಯವಾಗಿ 24 ಇಂಚು, ಪಿವಿಸಿ ಪೈಪಲ್ಲಿ ಹಾಕಿದ್ರೆ 18 ಇಂಚು. ಬ್ರಿಟನ್ನಿನ ನಿಯಮದಲ್ಲಿ ಇಷ್ಟೇ ಅಂತ ಅಂಕಿ ಇಲ್ಲ, ಸಾಕಷ್ಟು ಆಳ ಇರ್ಬೇಕು ಅಂತಷ್ಟೇ. ಎಲ್ಲದರ ಉದ್ದೇಶ ಒಂದೇ, ಗುದ್ದಲಿ, ನೇಗಿಲು, ಗಾಡಿ ಭಾರ ಕೇಬಲ್‌ವರೆಗೆ ಮುಟ್ಟಬಾರ್ದು. ಉಳುಮೆ ಮಾಡೋ ನೆಲ ಆದ್ರೆ ನಾನಂತೂ ನಿಯಮದಲ್ಲಿರೋದಕ್ಕಿಂತ ಇನ್ನೊಂದು ಅಡಿ ಕೆಳಗೇ ಹೋಗಿ ಅಂತೀನಿ. ಟ್ರೆಂಚಿನ ಅಗಲ ಒಂದೂವರೆ ಅಡಿ ಇದ್ರೆ ಒಳಗೆ ನಿಂತು ಕೆಲಸ ಮಾಡೋಕೆ ಆಗುತ್ತೆ. ಮೇಲ್ಮಣ್ಣನ್ನ ಒಂದು ಕಡೆ, ಕೆಳಗಿನ ಕಲ್ಲುಮಣ್ಣನ್ನ ಇನ್ನೊಂದು ಕಡೆ ಹಾಕಿ, ಮುಚ್ಚೋವಾಗ ಅನುಕೂಲ.

ಕೇಬಲ್ ಮಲಗಿಸೋದು

ತಳದಲ್ಲಿರೋ ಚೂಪು ಕಲ್ಲು, ಬೇರು ಎಲ್ಲಾ ತೆಗೆದು ಸಮ ಮಾಡಿ, ಜರಡಿ ಹಿಡಿದ ಮರಳು ಮೂರು ಇಂಚು ಹಾಕಿ. ಕೇಬಲನ್ನ ಸುರುಳಿಯಿಂದ ಉರುಳಿಸ್ತಾ ಬಿಚ್ಚಿ, ಸುರುಳಿ ಮಲಗಿಸಿ ಪಕ್ಕದಿಂದ ಎಳೆದ್ರೆ ಕೇಬಲ್ ತಿರುಚಿಕೊಂಡು ಒಳಗೆ ಗಂಟು ಬೀಳುತ್ತೆ, ಹೊರಗಿಂದ ಕಾಣೋದೂ ಇಲ್ಲ. ಟ್ರೆಂಚಲ್ಲಿ ಬಿಗಿಯಾಗಿ ಎಳೀಬೇಡಿ, ಸ್ವಲ್ಪ ಹಾವಿನ ಹಾಗೆ ಅಂಕುಡೊಂಕಾಗಿ ಬಿಡಿ, ಮಣ್ಣು ಕುಸಿದ್ರೆ, ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿದ್ರೆ ಜಗ್ಗಲ್ಲ. ಎರಡೂ ತುದೀಲಿ ಒಂದೊಂದು ಮೀಟರ್ ಎಕ್ಸ್‌ಟ್ರಾ ಲೂಪ್ ಮಣ್ಣೊಳಗೇ ಇರ್ಲಿ, ಮುಂದೆ ಯಾವತ್ತಾದ್ರೂ ತುದಿ ಸುಟ್ಟು ಕತ್ತರಿಸಿ ಮತ್ತೆ ಕಟ್ಟಬೇಕಾದ್ರೆ ಅದೇ ಕೈ ಹಿಡಿಯೋದು. ತಿರುವಲ್ಲಿ ಕೇಬಲ್ ದಪ್ಪದ 12 ಪಟ್ಟಿಗಿಂತ ಕಮ್ಮಿ ತ್ರಿಜ್ಯಕ್ಕೆ ಬಗ್ಗಿಸಬೇಡಿ.

ನಡುವೆ ಜಾಯಿಂಟ್ ಬೇಡ. 38 ಮೀಟರ್ ಕೇಬಲ್ ಇದೆ 45 ಬೇಕು ಅಂತ ತುಂಡು ಸೇರಿಸಿ ಟೇಪ್ ಸುತ್ತಿ ಹೂತ್ರೆ ಮೊದಲ ಮಳೇಲೇ ನೀರು ಒಳಗೆ ಹೋಗುತ್ತೆ. ಒಂದೇ ತುಂಡು ತರಿಸಿ. ಬೇರೆ ದಾರಿನೇ ಇಲ್ಲ ಅಂದ್ರೆ ನೆಲದಡಿಗೆ ಅಂತಾನೇ ಬರೋ ರೆಸಿನ್ ಜಾಯಿಂಟ್ ಕಿಟ್ ಬಳಸಿ, ಜಾಗಕ್ಕೆ ಗುರುತಿನ ಕಲ್ಲು ನೆಡಿ.

ಕೇಬಲ್ ಮೇಲೆ ಮತ್ತೆ ಮೂರು ನಾಲ್ಕು ಇಂಚು ಮರಳು, ಅದರ ಮೇಲೆ ಅಡ್ಡಡ್ಡವಾಗಿ ಇಟ್ಟಿಗೆ ಇಲ್ಲಾ ಕೇಬಲ್ ಟೈಲ್ ಸಾಲಾಗಿ. ಅಗೆಯೋರಿಗೆ ಮೊದಲು ಇಟ್ಟಿಗೆ ಸಿಗ್ಲಿ ಅಂತ. ಇನ್ನೂ ಮೇಲೆ, ನೆಲಮಟ್ಟದಿಂದ ಒಂದಡಿ ಕೆಳಗೆ, ಎಚ್ಚರಿಕೆಯ ಪ್ಲಾಸ್ಟಿಕ್ ಟೇಪ್ ಉದ್ದಕ್ಕೂ ಹಾಸಿ. ಇದು ಅಗ್ಗದ ವಸ್ತು ಅಂತ ಬಿಡೋರೇ ಜಾಸ್ತಿ, ಹತ್ತು ವರ್ಷ ಆದ್ಮೇಲೆ ಅಲ್ಲಿ ಗಿಡ ನೆಡೋಕೆ ಗುಂಡಿ ತೋಡೋರಿಗೆ ಕೆಳಗೆ ಕರೆಂಟಿದೆ ಅಂತ ಹೇಳೋದು ಅದೊಂದೇ.

ಗಾಡಿ ಓಡಾಡೋ ಜಾಗದಲ್ಲಿ, ಗೋಡೆ ಪಾಯ ದಾಟೋ ಜಾಗದಲ್ಲಿ ಕೇಬಲ್ಲಿಗೆ ದಪ್ಪ ಎಚ್‌ಡಿಪಿಇ ಪೈಪ್ ಹಾಕಿ, ಒಳವ್ಯಾಸ ಕೇಬಲ್ ದಪ್ಪದ ಒಂದೂವರೆ ಪಟ್ಟಾದ್ರೂ ಇರ್ಲಿ. ಪೂರ್ತಿ ದಾರಿ ಪೈಪಲ್ಲೇ ಹೋಗೋದಾದ್ರೆ ಎರಡು ಬಾಕ್ಸ್ ಮಧ್ಯೆ ಎಲ್ಲಾ ತಿರುವು ಸೇರಿ 360 ಡಿಗ್ರಿ ಮೀರಬಾರ್ದು, ಮೀರಿದ್ರೆ ಕೇಬಲ್ ಎಳೆಯೋಕಾಗಲ್ಲ. ಪೈಪ್ ಮನೆಯಿಂದ ಹೊರಕ್ಕೆ ಇಳಿಜಾರಾಗಿರ್ಲಿ, ಗೋಡೆ ಹತ್ರದ ಬಾಯನ್ನ ಸೀಲಂಟಿಂದ ಮುಚ್ಚಿ, ಇಲ್ಲಾಂದ್ರೆ ಮಳೆನೀರು ಆ ಪೈಪಲ್ಲೇ ಬಂದು ಡಿಬಿ ಒಳಗೆ ಇಳಿಯುತ್ತೆ, ಇಲಿ ಇರುವೆನೂ ಅದೇ ದಾರೀಲಿ ಬರುತ್ತೆ.

ಟ್ರೆಂಚ್ ತೆರೆದಿರೋವಾಗ್ಲೇ ಇನ್ನೊಂದು ಖಾಲಿ ಪೈಪನ್ನ ಒಳಗೆ ಹಗ್ಗ ಬಿಟ್ಟು ಹಾಕಿಬಿಡಿ. ಇಂಟರ್ನೆಟ್, ಸಿಸಿಟಿವಿ ಅಂತ ಮುಂದೆ ಬೇಕಾಗೇ ಆಗುತ್ತೆ. ಕರೆಂಟ್ ಕೇಬಲ್ಲಿಂದ ಒಂದಡಿ ಅಂತರ ಇರ್ಲಿ, ಮತ್ತೆ ಆ ಪೈಪಲ್ಲಿ ತಾಮ್ರದ ನೆಟ್‌ವರ್ಕ್ ಕೇಬಲ್ ಬದಲು ಫೈಬರ್ ಹಾಕೋದೇ ಒಳ್ಳೇದು, ಎರಡು ಕಟ್ಟಡದ ಅರ್ಥ್ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಬಂದ್ರೂ, ಹತ್ರ ಎಲ್ಲಾದ್ರೂ ಸಿಡಿಲು ಬಡಿದ್ರೂ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ.

ಎರಡೂ ತುದಿಯ ಕನೆಕ್ಷನ್

ಆರ್ಮರ್ಡ್ ಕೇಬಲನ್ನ ಬಾಕ್ಸಿಗೆ ಸೇರಿಸೋಕೆ ಸರಿಯಾದ ಅಳತೆಯ ಗ್ಲ್ಯಾಂಡ್ ಬೇಕು. ಕವಚದ ತಂತಿಗಳನ್ನ ಗ್ಲ್ಯಾಂಡಿನ ಕೋನ್ ಮೇಲೆ ಸುತ್ತಲೂ ಹರಡಿ ಬಿಗಿ ಮಾಡ್ಬೇಕು, ಕತ್ತರಿಸಿ ಬಿಸಾಕೋದಲ್ಲ. ಹೊರಗಡೆ ಇರೋದಾದ್ರೆ ನೀರು ತಡೆಯೋ ಡಬಲ್ ಕಂಪ್ರೆಷನ್ ಗ್ಲ್ಯಾಂಡ್. ಅಲ್ಯೂಮಿನಿಯಂ ಕೇಬಲ್ ಹಾಕಿದ್ರೆ ತಾಮ್ರದ ಟರ್ಮಿನಲ್ಲಿಗೆ ನೇರವಾಗಿ ಸೇರಿಸ್ಬೇಡಿ, ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರೋ ತುದಿ) ಹಾಕಿ ಒತ್ತಿ ಕ್ರಿಂಪ್ ಮಾಡಿಸಿ, ಇಲ್ಲಾಂದ್ರೆ ಆ ಜಾಗ ಸವೆದು ಲೂಸಾಗಿ ಬಿಸಿಯಾಗುತ್ತೆ.

ಮನೆ ಕಡೆ ಈ ಲೈನಿಗೇ ಅಂತ ಬೇರೆ ಎಂಸಿಬಿ ಇರ್ಬೇಕು, ಅದರ ಆಂಪ್ ಕೇಬಲ್ ತಡೆಯೋ ಆಂಪಿಗಿಂತ ಜಾಸ್ತಿ ಇರಬಾರ್ದು. ಮನೆಯ ಯಾವುದೋ ಸಾಕೆಟ್ಟಿಂದ ಕವಲು ತೆಗೆದು ಶೆಡ್ಡಿಗೆ ಕೊಡೋದು ಬೇಡವೇ ಬೇಡ. ಶೆಡ್ಡಲ್ಲಿ ಒಳಗೆ ಬರ್ತಿದ್ದ ಹಾಗೆ ಕೈಗೆ ಸಿಗೋ ಕಡೆ ಫೇಸ್ ನ್ಯೂಟ್ರಲ್ ಎರಡನ್ನೂ ಕಟ್ ಮಾಡೋ ಡಬಲ್ ಪೋಲ್ ಮೇನ್ ಸ್ವಿಚ್, ಆಮೇಲೆ ಆರ್‌ಸಿಸಿಬಿ, ಆಮೇಲೆ ಲೈಟಿಗೊಂದು ಸಾಕೆಟ್ಟಿಗೊಂದು ಎಂಸಿಬಿ. ಸಿಡಿಲು ಜಾಸ್ತಿ ಇರೋ ಜಾಗ ಆದ್ರೆ ಎರಡೂ ಡಿಬಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ನೆಲದಿಂದ ಗೋಡೆ ಹತ್ತೋ ಭಾಗದಲ್ಲಿ ಕೇಬಲ್ಲಿಗೆ ಜಿಐ ಪೈಪಿನ ರಕ್ಷಣೆ ಇರ್ಲಿ, ಆ ಪೈಪಿಗೂ ಅರ್ಥ್ ಕೊಡಿ, ಕೇಬಲ್ ಏಟು ತಿನ್ನೋದು ಹೆಚ್ಚಾಗಿ ಅಲ್ಲೇ.

ಮುಚ್ಚೋ ಮುಂಚೆ ಟೆಸ್ಟು

ಕೇಬಲ್ ಮಲಗಿಸಿದ ಮೇಲೆ, ಇಟ್ಟಿಗೆ ಇಡೋ ಮುಂಚೆ, ಎರಡೂ ತುದಿ ಬಿಚ್ಚಿಟ್ಟು 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ತಡೆ ಅಳೆಯೋ ಮೀಟರ್) ಹಾಕಿಸಿ. ಫೇಸಿಗೂ ನ್ಯೂಟ್ರಲ್ಲಿಗೂ, ಎರಡಕ್ಕೂ ಅರ್ಥಿಗೂ, ಎಲ್ಲಾ ಕೋರಿಗೂ ಕವಚಕ್ಕೂ ಮಧ್ಯೆ ನೋಡ್ಬೇಕು. ಕನಿಷ್ಠ 1 ಮೆಗಾಓಮ್ ಅಂತ ನಿಯಮ ಹೇಳುತ್ತೆ, ಆದ್ರೆ ಹೊಸ ಕೇಬಲ್ ಆರಾಮಾಗಿ ನೂರಾರು ಮೆಗಾಓಮ್ ತೋರಿಸುತ್ತೆ, ಹೊಸದು 2-3 ತೋರಿಸಿದ್ರೆ ಪಾಸ್ ಅಂತ ಬಿಡ್ಬೇಡಿ, ಎಲ್ಲೋ ಗಾಯ ಆಗಿದೆ ಅಂತಾನೇ ಅರ್ಥ. ಮುಚ್ಚಿ ದಮ್ಮಸ್ಸು ಹೊಡೆದ ಮೇಲೆ ಇನ್ನೊಂದ್ಸಲ ಇದೇ ಟೆಸ್ಟ್, ಯಾಕಂದ್ರೆ ಮುಚ್ಚೋವಾಗ ಬೀಳೋ ಕಲ್ಲಿಂದಾನೂ ಗಾಯ ಆಗ್ಬಹುದು. ಮಣ್ಣನ್ನ ಅರ್ಧರ್ಧ ಅಡಿ ಹಾಕಿ ತುಳಿಸ್ತಾ ಬನ್ನಿ, ಒಂದೇ ಸಲ ತುಂಬಿದ್ರೆ ಮಳೆ ಬಿದ್ಮೇಲೆ ಕುಸಿಯುತ್ತೆ.

ಲೈನ್ ಕೊಡೋ ಮುಂಚೆ ಅರ್ಥ್ ತಂತಿ ಈ ತುದಿಯಿಂದ ಆ ತುದಿವರೆಗೆ ಎಲ್ಲೂ ಕಡಿಯದೆ ಇದೆಯಾ (ಕಂಟಿನ್ಯುಟಿ), ರಾಡಿನ ಓಮ್ ಎಷ್ಟು, ಕೊಟ್ಟ ಮೇಲೆ ಫೇಸ್ ನ್ಯೂಟ್ರಲ್ ಅದಲುಬದಲಾಗಿಲ್ವಾ, ಲೂಪ್ ಇಂಪೀಡೆನ್ಸ್ (ಫಾಲ್ಟ್ ಕರೆಂಟ್ ಹೋಗಿ ಬರೋ ದಾರಿಯ ಒಟ್ಟು ತಡೆ) ಎಷ್ಟು, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಲ್ಲಿ ಬೀಳುತ್ತೆ, ಇಷ್ಟನ್ನೂ ಮೀಟರಿಟ್ಟು ನೋಡಿ ಬರೆದುಕೊಡೋಕೆ ಹೇಳಿ. ಬರೀ ಬಲ್ಬ್ ಹಾಕಿ ಉರೀತು ನೋಡಿ ಅನ್ನೋದು ಟೆಸ್ಟ್ ಅಲ್ಲ, ಅರ್ಥ್ ತಂತಿ ಕಿತ್ತೋಗಿದ್ರೂ ಬಲ್ಬ್ ಉರಿಯುತ್ತೆ.

ಟ್ರೆಂಚ್ ತೆರೆದಿರೋವಾಗ ಉದ್ದಕ್ಕೂ ಅಳತೆ ಟೇಪ್ ಇಟ್ಟು ಫೋಟೋ ತೆಗೀರಿ, ಪ್ರತಿ ತಿರುವಿಗೂ ಮನೆಯ ಎರಡು ಮೂಲೆಯಿಂದ ಅಳತೆ ತಗೊಂಡು ಒಂದು ನಕ್ಷೆ ಬರೀರಿ, ಒಂದೇ ಮೂಲೆಯಿಂದ ಅಳೆದ್ರೆ ಜಾಗ ಸರಿಯಾಗಿ ಸಿಗಲ್ಲ. ಆಳ, ಕೇಬಲ್ ಸೈಜು, ಹಾಕಿದ ತಾರೀಖು, ಮೆಗ್ಗರ್ ರೀಡಿಂಗು ಅದರಲ್ಲೇ ಬರೆದು ಪ್ಲಾಸ್ಟಿಕ್ ಕವರ್ ಹಾಕಿ ಎರಡೂ ಡಿಬಿ ಬಾಗಿಲ ಒಳಗಡೆ ಅಂಟಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಆರು ತಿಂಗಳಿಗೊಮ್ಮೆಯಾದ್ರೂ ಒತ್ತಿ ನೋಡಿ, ಒತ್ತಿದಾಗ ಬೀಳ್ಲಿಲ್ಲ ಅಂದ್ರೆ ಆವತ್ತೇ ಶೆಡ್ ಲೈನ್ ಆಫ್ ಮಾಡಿ ಬದಲಾಯಿಸಿ. ರಾಡಿನ ಓಮನ್ನ ಬೇಸಿಗೆ ಕೊನೇಲಿ, ಮಣ್ಣು ಪೂರ್ತಿ ಒಣಗಿರೋವಾಗ ಅಳೆಸಿ, ಮಳೆಗಾಲದ ರೀಡಿಂಗ್ ಯಾವಾಗ್ಲೂ ಚೆನ್ನಾಗೇ ಬರುತ್ತೆ.